ಹಸಿದ ಕೌದಿ

ಎರಡನೆಯ ಸೂಜಿಯೂ ಮುರಿಯಿತು. ಮೊನೆ ಜೀನ್ಸ್ ಬಟ್ಟೆಯೊಳಗೇ ಉಳಿಯಿತು. ಮೀನಾ ಕೈಯಲ್ಲಿದ್ದ ಅರ್ಧ ತುಂಡನ್ನು ಅಂಗಳಕ್ಕೆ ಎಸೆಯಲು ತೋಳೆತ್ತಿದಳು.

"ಲೇ, ಲೇ! ಬಿಸಾಕಬ್ಯಾಡ," ಅಂದಳು ಸುಂಕಮ್ಮ. "ಮುರದೈತಿ ಅಷ್ಟ. ಸತ್ತಿಲ್ಲ ಅದು."

ಬಟ್ಟೆಗೆ ಬಾಯಿ ಹಚ್ಚಿ, ಉಳಿದಿದ್ದ ಎರಡೇ ಹಲ್ಲಿನಲ್ಲಿ ಕಚ್ಚಿ ಮೊನೆಯನ್ನು ಎಳೆದು ತೆಗೆದಳು. ಕಿಟಕಿಯ ಮೇಲಿಂದ ಹೆಬ್ಬೆರಳುದ್ದದ ಪೆನ್ಸಿಲ್ ಚೂರೊಂದು ಬಂತು. ಕಲ್ಲಿನಿಂದ ನಾಲ್ಕು ಸಲ ಕುಟ್ಟಿ ಮೊನೆಯನ್ನು ಅದರ ತುದಿಗೆ ಕೂರಿಸಿದಳು.

"ಹೊಲಿಗಿ ಬಿಚ್ಚಾಕ ಬೇಕಾಗತೈತಿ."

"ನಾ ಬಿಚ್ಚಂಗಿಲ್ಲಜ್ಜಿ. ನಾ ಹೊಲ್ಯಾಕ ಕುಂತೀನಿ."

"ಎಲ್ಲಾರೂ ಹಂಗ ಅನಕೋತ ಕುಂದರತಾರ," ಎಂದು ಮುದುಕಿ, ಸವೆದು ಬಿಲ್ಲೆಯಾಗಿದ್ದ ಮೈಸೋಪನ್ನು ಅವಳ ಮುಂದೆ ತಳ್ಳಿದಳು. "ಮೂರನೇ ಸೂಜಿ ಇದಕ್ಕೆ ಚುಚ್ಚಿ ತಗದು ಹೊಲಿ. ದಪ್ಪ ಬಟ್ಟಿ ಅಂದ್ರ ಸಿಟ್ಟಿನ ಮನಷ್ಯಾ ಇದ್ದಂಗ. ಜಾರಿಕೋತ ಹೋಗಬೇಕು."

ಮೀನಾ ಚುಚ್ಚಿದಳು. ಸೂಜಿ ಬೆಣ್ಣೆಯೊಳಗೆ ಹೋದಂತೆ ಹೋಯಿತು.

ಕಂಟೋನ್ಮೆಂಟಿನ ಹಿಂದಿನ ಓಣಿಯಲ್ಲಿ ಒಂದೇ ಗೋಡೆಗೆ ಅಂಟಿಕೊಂಡ ಆರು ಮನೆಗಳು. ಮೊದಲನೆಯದು ಸುಂಕಮ್ಮನದು, ಮೂರನೆಯದರಲ್ಲಿ ಮೀನಾ ಬಾಡಿಗೆಗಿದ್ದಳು. ಅವಳಿಗೆ ಜೀನ್ಸ್ ಹೊಲಿಯುವ ಯೂನಿಟ್ಟೊಂದರಲ್ಲಿ ದಾರ ಕತ್ತರಿಸುವ ಕೆಲಸ. ಹೊಲಿದು ಬಂದ ಪ್ಯಾಂಟುಗಳ ದಾರದ ಬಾಲ ಕತ್ತರಿಸುವುದು, ದಿನವಿಡೀ. ಭಾನುವಾರ ಮಧ್ಯಾಹ್ನ ಮಾತ್ರ ಓಣಿಯ ಹೆಂಗಸರ ಜೊತೆ ಸುಂಕಮ್ಮನ ಕಟ್ಟೆಯ ಮೇಲೆ ಕೂರುತ್ತಿದ್ದಳು.

ಕುರುಗೋಡಿನಿಂದ ಮದುವೆಯಾಗಿ ಬಂದ ಸುಂಕಮ್ಮ ಯಾವುದನ್ನೂ ಹಾಗೇ ಬಿಸಾಡಿದವಳಲ್ಲ. ಬಿಸಾಡುವ ಮೊದಲು ವಸ್ತುವನ್ನು ಕೈಯಲ್ಲಿ ಹಿಡಿದು, ಕೆಲಸ ಕೇಳಿಕೊಂಡು ಬಂದವರನ್ನು ವಿಚಾರಿಸುವಂತೆ, "ಇನ್ನೇನು ಬರತೈತಿ ನಿನಗ?" ಎಂದು ಕೇಳುತ್ತಿದ್ದಳು. ಹಾಲಿನ ಕವರಿಗೆ ಚಾಪೆಯಾಗಲು ಬರುತ್ತಿತ್ತು. ಒಡೆದ ಬಳೆಗೆ ತೋರಣವಾಗಲು. ಮದುವೆಯ ಕರೆಯೋಲೆ ಮಡಿಸಿದರೆ ಮೆಂತ್ಯ, ಸಾಸಿವೆ ಹಾಕುವ ಪೊಟ್ಟಣ. ಅವಳ ಮನೆಯ ಗೋಡೆಗೆ ಹಳೆಯ ಪ್ಯಾಂಟುಗಳ ಹನ್ನೊಂದು ಜೇಬುಗಳನ್ನು ಮೊಳೆ ಹೊಡೆದು ಕೂರಿಸಿದ್ದಳು: ಒಂದರಲ್ಲಿ ಬಾಚಣಿಗೆ, ಒಂದರಲ್ಲಿ ಕರೆಂಟ್ ಬಿಲ್ಲು, ಒಂದರಲ್ಲಿ ಬೆಳ್ಳುಳ್ಳಿ. ಮೊದಲ ಸಲ ಅದನ್ನು ನೋಡಿದಾಗ ಮೀನಾಳಿಗೆ, ಗೋಡೆಯೇ ಒಂದು ಪ್ಯಾಂಟು ತೊಟ್ಟು ಎಲ್ಲಿಗೋ ಹೊರಟು ನಿಂತಂತೆ ಕಂಡಿತ್ತು. ನಕ್ಕಿದ್ದಳು. ಆಮೇಲೆ ತನ್ನ ಮನೆಗೂ ಎರಡು ಜೇಬು ಹೊಡೆದುಕೊಂಡಳು.

ಹಾಗೆ ನಗುವ ಚಟ ಅವಳಿಗೆ ಹಳೆಯದು. ಎರಡು ವರ್ಷದ ಹಿಂದೆ ಸಿರುಗುಪ್ಪದ ಮನೆಗೆ ಅಣ್ಣ ಮಾರೇಶನ ಹೆಂಡತಿಯಾಗಿ ಜಯಶ್ರೀ ಬಂದಾಗ, ಬೀಗರ ಮುಂದೆ ಅವಳ ಟ್ರಂಕು ತೆರೆದಿದ್ದರು. ಒಳಗೆ ಕ್ರೋಶಾ ಹಾಕಿದ ಹೊದಿಕೆಗಳು, ವೈರಿನ ಬುಟ್ಟಿ, ಮಣಿಯ ನವಿಲು, ಹಳೆಯ ಬಟ್ಟೆ ಕೂಡಿಸಿ ಹೊಲಿದ ಎರಡು ಕೌದಿ. ಎಲ್ಲವೂ ಅವಳು ಕೈಯಾರೆ ಮಾಡಿದ್ದು. ಮೀನಾ ಎಲ್ಲರಿಗೂ ಕೇಳುವ ಹಾಗೆ ಅಂದಿದ್ದಳು: "ಇದೇನು, ನಮ್ಮತ್ತಿಗಿ ಚಿಂದಿ ಪೆಟ್ಟಿಗಿ ಹೊತಗೊಂಡು ಬಂದಾಳ!"

ನೆರೆದವರೆಲ್ಲ ನಕ್ಕರು. ಜಯಶ್ರೀ ಮುಚ್ಚಳ ಹಾಕಿದಳು. ಅಂದಿನಿಂದ ನಾದಿನಿಯ ಜೊತೆ ಅವಳ ಮಾತು ಬೇಕಾದಷ್ಟೇ. ಉಣ್ಣು. ಬಸ್ಸು ಬಂತು. ನೀರು ಕಾದೈತಿ.

ಸುಂಕಮ್ಮನ ಕಟ್ಟೆಯ ಮೇಲೆ, ಅಂಗೈಯಗಲದ ಕ್ರೋಶಾ ಹೂವೊಂದಕ್ಕೆ ಪೂರ್ತಿ ಮಧ್ಯಾಹ್ನ ಬೇಕೆಂದು ತಿಳಿದ ದಿನ ಮೀನಾಳಿಗೆ ಊಟ ಸೇರಲಿಲ್ಲ. ಆ ಟ್ರಂಕಿನಲ್ಲಿ ಎಷ್ಟು ಮಧ್ಯಾಹ್ನಗಳಿದ್ದವು?

ಈಗ ಜಯಶ್ರೀಗೆ ಹೆಣ್ಣುಮಗು. ಬರುವ ಭಾನುವಾರ ತೊಟ್ಟಿಲು. ಕೂಸಿನ ಕೌದಿ ಸೋದರತ್ತೆಯ ಕೈಯಿಂದ ಬರಬೇಕು ಎಂಬುದು ಅವರ ಮನೆಯ ರೂಢಿ. ಜಯಶ್ರೀ ಅದನ್ನು ತೊಟ್ಟಿಲಿಗೆ ಹಾಸಿದರೆ ಆ ಚಿಂದಿಯ ಮಾತು ತೀರಿದಂತೆ. ಮಡಚಿ ಮೂಲೆಗಿಟ್ಟರೆ ಎಂದೆಂದಿಗೂ ತೀರುವುದಿಲ್ಲ. ಮೀನಾ ಕ್ಷಮೆ ಕೇಳಲು ಕಲಿತವಳಲ್ಲ. ಕೌದಿ ಹೊಲಿಯುವುದನ್ನೂ ಈಗಷ್ಟೇ ಕಲಿಯುತ್ತಿದ್ದಳು.

*

ಬುಧವಾರ ಸಂಜೆ ಕೆಲಸ ಮುಗಿಸಿ ಬಂದಾಗ ಸುಂಕಮ್ಮ ಬಾಗಿಲಲ್ಲೇ ನಿಂತಿದ್ದಳು. ಅವಳ ಬಲಗೆನ್ನೆ, ಕಿವಿ, ಅರ್ಧ ಹಣೆ ನೀಲಿಯಾಗಿತ್ತು.

"ಅಜ್ಜಿ! ನಿನ್ನ ಮಕ!"

"ಏನಾಗೈತಿ ಮಕಕ್ಕ?"

ಮೀನಾ ಸ್ಟೀಲ್ ಡಬ್ಬಿಯ ಮುಚ್ಚಳವನ್ನು ಕನ್ನಡಿಯಂತೆ ಹಿಡಿದು ತೋರಿಸಿದಳು. ಮುದುಕಿ ಆ ಕಡೆ ಈ ಕಡೆ ತಿರುಗಿಸಿ ನೋಡಿಕೊಂಡಳು.

"ಅದಕ್ಕ ಪಾಲಯ್ಯ ಪ್ಯಾಟಿಗೆ ಹೊಂಟಾವ ನನ್ನ ನೋಡಿ ಕೈ ಮುಗದ. ಕೃಷ್ಣಪರಮಾತ್ಮ ಅನಕೊಂಡನೇನೋ." ಪಾಲಯ್ಯ ಕೊನೆಯ ಮನೆಯವನು. ಮೀನಾಳಿಗೆ ನಗು ಉಕ್ಕಿತು, ಅರ್ಧಕ್ಕೇ ನಿಂತಿತು. ಮಧ್ಯಾಹ್ನದ ಸೆಕೆಯಲ್ಲಿ ಸುಂಕಮ್ಮ ಮಲಗಿದ್ದು ಮೀನಾ ಹೊಲಿಯುತ್ತಿದ್ದ ಕೌದಿಯ ಮೇಲೆ. ಬೇಕೆಂದೇ ಮಲಗಿದ್ದಳು. ಬಟ್ಟೆ ಬಣ್ಣ ಬಿಡುತ್ತದೋ ಎಂದು ನೋಡಲು ಬೆವರಿನ ಕೆನ್ನೆಗಿಂತ ಒಳ್ಳೆಯ ಪರೀಕ್ಷೆ ಇಲ್ಲ.

"ಯೂನಿಟ್ಟಿನ ಹೊಸಾ ತುಂಡು ಎಷ್ಟು ಸಲ ನೀರಿಗೆ ಹಾಕಿದ್ದಿ?"

"...ಒಂದು ಸಲ."

"ನಾ ಎಷ್ಟು ಅಂದಿದ್ದೆ?"

"ನೀರು ತಿಳಿ ಆಗೂತನ."

"ನನಗ ಎಪ್ಪತ್ತು ದಾಟೈತಿ, ನೀಲಿ ಆದ್ರೂ ನಡೀತೈತಿ. ಕೂಸು ನೀಲಿ ಆತಂದ್ರ ನಿಮ್ಮತ್ತಿಗಿ ಬರಿಗಾಲಾಗ ದವಾಖಾನಿಗೆ ಓಡತಾಳ. ಹಳೇ ಬಟ್ಟಿ ಕೂಡಸು ಅಂದ್ರ, ಹೊಸಾದು ಚಂದ ಕಾಣತೈತಿ ಅಂತ ಹಾಕಿದಿ. ಹೌದಲ್ಲ?"

"ಹೌದಜ್ಜಿ."

"ಹೊಸ ಬಟ್ಟಿಗೆ ಇನ್ನಾ ಬುದ್ಧಿ ಬಂದಿರಂಗಿಲ್ಲ ಮೀನಾ. ಹತ್ತು ಮಂದಿ ಮೈಮ್ಯಾಲೆ ಹರದಾಡಿ, ಕಲ್ಲಿಗೆ ಬಡಿಸ್ಕೊಂಡು ಬರಬೇಕು ಅದಕ್ಕ."

ಬೈಗುಳ ಅಲ್ಲಿಗೆ ಮುಗಿಯಿತು. ಮುದುಕಿ ಆ ಪೆನ್ಸಿಲ್ ಚೂರನ್ನು ಅವಳ ಕೈಗಿಟ್ಟಳು.

ಇಬ್ಬರೂ ಬಿಚ್ಚಿದರು. ಸುಂಕಮ್ಮ ಕಳಚಿದ ದಾರವನ್ನು ಹಲ್ಲು ಮುರಿದ ಬಾಚಣಿಗೆಗೆ ಸುತ್ತುತ್ತ ಹೋದಳು. ಒಂದು ಗೇಣೂ ಹಾಳಾಗಲಿಲ್ಲ. ಜೀನ್ಸ್ ತುಂಡುಗಳನ್ನು ಉಪ್ಪುನೀರಿನ ಬಕೆಟ್ಟಿಗೆ ಹಾಕಿದರು. ಮೊದಲ ನೀರು ಶಾಯಿಯಂತಿತ್ತು. ಮೀನಾ ಅದನ್ನು ಗಟಾರಕ್ಕೆ ಸುರಿಯಹೋದಾಗ ಸುಂಕಮ್ಮ ಬಕೆಟ್ಟಿನ ಹಿಡಿ ಹಿಡಿದುಕೊಂಡಳು. ಮರುದಿನ ಅದು ಸುಣ್ಣದೊಳಗೆ ಕಲಸಿ ಅವಳ ಬಾಗಿಲ ಪಕ್ಕದ ಗೋಡೆಯಾಗಿತ್ತು, ಬೆಳಗಿನ ಆಕಾಶದ ಬಣ್ಣದ ಗೋಡೆ. ಐದನೆಯ ನೀರು ತಿಳಿಯಾಯಿತು. ತುಂಡುಗಳು ಬಾಡಿ ಮೆತ್ತಗಾದವು. ಅವುಗಳನ್ನು ಬರೀ ಅಂಚಿಗೆ ಹಾಕುವುದೆಂದಾಯಿತು.

"ನಡುವಿಗೆ?" ಎಂದಳು ಮೀನಾ.

ಸುಂಕಮ್ಮ ಒಳಗೆ ಹೋಗಿ ಹಗ್ಗದ ಮೇಲಿದ್ದ ತನ್ನ ತಿಳಿ ಹಳದಿ ಸೀರೆ ತಂದಳು. ಅಂಚನ್ನು ಹಲ್ಲಿನಿಂದ ಕಚ್ಚಿ, ಚರ್‍ರನೆ ಉದ್ದಕ್ಕೆ ಹರಿದಳು.

"ಅಜ್ಜಿ, ಅದು ಉಡೂ ಸೀರಿ!"

"ಉಟ್ಟಾತಲ್ಲ," ಅಂದಳು ಮುದುಕಿ.

ಮೂರು ಸಂಜೆ ಎದುರುಬದುರು ಕೂತು ಹೊಲಿದರು. ಸುಂಕಮ್ಮನ ಸಾಲು ಗದ್ದೆಯಲ್ಲಿ ನಾಟಿ ಮಾಡಿದಂತೆ ನೇರ. ಮೀನಾಳದು ಮೇಕೆ ಮೇಯುತ್ತ ಹೋದ ದಾರಿ. ಆದರೂ ಮುದುಕಿ ಒಂದನ್ನೂ ಬಿಚ್ಚಿಸಲಿಲ್ಲ. ಶನಿವಾರ ಕೌದಿ ಮುಗಿಯಿತು, ಒಂದು ಮೂಲೆಯ ಹೊರತು. ಅದನ್ನು ಹೊಲಿಯಲು ಸುಂಕಮ್ಮ ಬಿಡಲಿಲ್ಲ.

"ತೊಟ್ಟಿಲ ಮನಿಗೇ ಹೋಗಿ, ಹೋಳಿಗಿ ಚೂರು ಒಳಗಿಟ್ಟು ಮುಚ್ಚಬೇಕು. ಕೌದಿ ಹೊಟ್ಟಿ ಖಾಲಿ ಇರಬಾರದು. ಹಸಿದ ಕೌದಿ ನಿದ್ದಿ ಕೊಡಂಗಿಲ್ಲ."

"ಇರಿವಿ ಬರಂಗಿಲ್ಲೇನಜ್ಜಿ?"

"ಬರತಾವ. ಅವೇನು ಉಪಾಸ ಇರಬೇಕನು?"

ಆಗಲೇ ಮೀನಾಳಿಗೆ ಅದು ಕಂಡಿದ್ದು: ಹಳದಿ ಸೀರೆಯ ಮೇಲೆ, ತೆರೆದ ಮೂಲೆಯ ಹತ್ತಿರ, ಹೆಬ್ಬೆರಳಗಲ ನೀಲಿ. ಜೀನ್ಸ್ ತೊಳೆದ ದಿನದ ಒದ್ದೆ ಕೈಯಿಂದ ಅವಳೇ ಹಚ್ಚಿದ್ದು. ಎರಡು ಸಲ ತೊಳೆದರೂ ಹೋಗಲಿಲ್ಲ.

"ಇರಲಿ ಬಿಡು," ಅಂದಳು ಸುಂಕಮ್ಮ. "ಈಗದು ಕೂಸಿನ ಮೈಗೆ ಹತ್ತಂಗಿಲ್ಲ. ದೃಷ್ಟಿಬೊಟ್ಟು ಅನಕೋ."

ಮೀನಾ ಹೂಂ ಅಂದಳು. ಆದರೂ ಭಾನುವಾರ ಬೆಳಿಗ್ಗೆ ಬಸ್‌ಸ್ಟ್ಯಾಂಡಿನ ಎದುರಿನ ಅಂಗಡಿಗೆ ಹೋಗಿ, ಜಿಪ್ ಹಾಕಿದ ಪ್ಲಾಸ್ಟಿಕ್ ಚೀಲದೊಳಗಿನ ಗುಲಾಬಿ ಬ್ಲಾಂಕೆಟ್ ಒಂದನ್ನು ಕೊಂಡಳು. ಅದರ ಮೇಲೆ ಕರಡಿಯೊಂದು ನಗುತ್ತಿತ್ತು. ಸಿರುಗುಪ್ಪದವರೆಗೂ ಕರಡಿ ತೊಡೆಯ ಮೇಲೆ, ಕೌದಿ ಕಾಲಡಿ.

*

"ಏನ್ ಸೋದರತ್ತಿ, ಎರಡೆರಡು ಚೀಲ! ಅಂಗಡಿ ಇಡಾಕ ಬಂದೀಯೇನು?" ಅಂದ ಮಾರೇಶ, ತೊಟ್ಟಿಲಿಗೆ ಹೂ ಸುತ್ತುತ್ತ.

ಮೀನಾ ಒಳಕೋಣೆಗೆ ಹೋದಳು. ಜಯಶ್ರೀ ಕೂಸನ್ನು ಭುಜಕ್ಕೆ ಹಾಕಿಕೊಂಡು ಬೆನ್ನು ತಟ್ಟುತ್ತಿದ್ದಳು. ಪಕ್ಕದಲ್ಲಿ ಅರ್ಧ ತಿಂದಿಟ್ಟ ಹೋಳಿಗೆಯ ತಟ್ಟೆ.

"ಬಂದೇನು," ಅಂದಳು.

"ಬಂದೆ ಅತ್ತಿಗಿ. ಕೂಸಿಗೆ ಇದು." ಮೀನಾ ಕರಡಿಯನ್ನು ಮುಂದೆ ಚಾಚಿದಳು.

ಜಯಶ್ರೀ ಅದನ್ನು ನೋಡಲಿಲ್ಲ. "ಆ ಚೀಲದಾಗ?"

"ಏನಿಲ್ಲ, ಅದು..." ಮೀನಾಳ ಬಾಯಿಂದ ಆ ಪದ ತಾನಾಗಿ ಬಂದುಬಿಟ್ಟಿತು. "ಚಿಂದಿ."

ಜಯಶ್ರೀಯ ಕೈ ಕೂಸಿನ ಬೆನ್ನ ಮೇಲೆ ನಿಂತಿತು. ಹೊರಗೆ ಯಾರೋ ತೊಟ್ಟಿಲು ತೂಗಿ ನೋಡುತ್ತಿದ್ದರು, ಸರಪಳಿ ಕಿರುಗುಟ್ಟಿತು. ಅವಳು ಕೂಸನ್ನು ಮೀನಾಳ ತೋಳಿಗೆ ಹಾಕಿ, ಬಗ್ಗಿ ಚೀಲದಿಂದ ಕೌದಿ ಎಳೆದಳು. ಹಾಸಲಿಲ್ಲ. ಮೊದಲು ಹಿಂಬದಿ ತಿರುಗಿಸಿದಳು, ಕಸುಬು ಬಲ್ಲವರು ನೋಡುವ ಹಾಗೆ, ಬೆರಳಿನಿಂದ.

"ಈ ಸಾಲು ನಿಂದಲ್ಲ," ಅಂದಳು.

"ಸುಂಕಮ್ಮಜ್ಜಿದು."

"ಭಾಳ ಚೊಲೋ ಕೈ." ಬೆರಳು ಪಕ್ಕದ ಸಾಲಿಗೆ ಸರಿಯಿತು, ಸೊಟ್ಟ ಸಾಲಿಗೆ. ಅಲ್ಲಿ ಹೆಚ್ಚು ಹೊತ್ತು ನಿಂತಿತು. "ಇದು ನಿಂದು."

ಮೀನಾ ಹೌದೆಂದು ತಲೆಯಾಡಿಸಿದಳು. ಕೂಸು ಅವಳ ಕುತ್ತಿಗೆಗೆ ಬೆಚ್ಚಗೆ ಉಸಿರು ಬಿಡುತ್ತಿತ್ತು. ಬೆರಳು ಅಂಚಿನುದ್ದಕ್ಕೂ ಹೋಗಿ, ನೀಲಿ ಕಲೆ ದಾಟಿ, ತೆರೆದ ಮೂಲೆಯೊಳಗೆ ಹೊಕ್ಕಿತು.

"ಇದರ ಹೊಟ್ಟಿಗೆ ಹಾಕಿಲ್ಲಲ್ಲ ಇನ್ನಾ?"

"ಇಲ್ಲಿ ಬಂದು ಹಾಕು ಅಂದ್ಲು ಅಜ್ಜಿ. ಅತ್ತಿಗಿ, ಅಲ್ಲಿ ಕಲೆ ಉಳಕೊಂಡೈತಿ. ಮಂದಿ ನೋಡತಾರ. ನಂದೂ ಹೊಲಿಗಿ ಸೊಟ್ಟ ಐತಿ. ತೊಟ್ಟಿಲಿಗೆ ಇದನ್ನ ಹಾಸ್ರಿ." ಕೂಸನ್ನು ಒಂದು ತೋಳಿಗೆ ಮಾಡಿಕೊಂಡು, ಇನ್ನೊಂದರಲ್ಲಿ ಕರಡಿಯನ್ನು ಮತ್ತೆ ಚಾಚಿದಳು. "ಹೊಸಾದು. ಮೆತ್ತಗೈತಿ. ತಗೋರಿ."

ಜಯಶ್ರೀ ಹೋಳಿಗೆಯ ಚೂರು ಮುರಿದು ಮೂಲೆಯೊಳಗೆ ತಳ್ಳಿದಳು. ತನ್ನ ಸೆರಗಿಗೆ ಸಿಕ್ಕಿಸಿದ್ದ ಸೂಜಿ ತೆಗೆದು, ದಾರದ ತುದಿಯನ್ನು ಬಾಯಲ್ಲಿ ಒದ್ದೆ ಮಾಡಿದಳು.

"ತೊಟ್ಟಿಲಿಗೆ ಅದನ್ನ ಒಲ್ಲೆ," ಅಂದಳು.