ಎರಡು ಬ್ರೇಕಿನ ಕಾರು

ಹಸಿರು ಕಾರು ಕುಪ್ಪಳಿಸುತ್ತಾ ಬೀದಿಗೆ ಬಂತೆಂದರೆ ಹೊಸಬರು ಯಾರೋ ಕ್ಲಚ್ ಬಿಡುವುದನ್ನು ಕಲಿಯುತ್ತಿದ್ದಾರೆ ಎಂದು ಅಂಗಡಿಯವರೆಲ್ಲ ತಿಳಿದುಕೊಳ್ಳುತ್ತಿದ್ದರು. ಫುಟ್‌ಪಾತಿನಲ್ಲಿ ನಿಂತು ಹರಟುತ್ತಿದ್ದವರು ಮಾತು ನಿಲ್ಲಿಸದೆಯೇ ಎರಡು ಹೆಜ್ಜೆ ಹಿಂದೆ ಸರಿಯುತ್ತಿದ್ದರು. ಹಾಗೆ ಕುಪ್ಪಳಿಸಿ ಕುಪ್ಪಳಿಸಿಯೇ ಆ ಕಾರಿಗೆ 'ಕಪ್ಪೆ' ಎಂಬ ಹೆಸರು ಅಂಟಿಕೊಂಡಿತ್ತು.

ಕಪ್ಪೆಗೆ ಬ್ರೇಕು ಎರಡು. ಒಂದು ಕಲಿಯುವವರ ಕಾಲಡಿ, ಇನ್ನೊಂದು ಪಕ್ಕದ ಸೀಟಿನಲ್ಲಿ ಕೂತು ಕಲಿಸುವವಳ ಕಾಲಡಿ. ಹದಿನಾಲ್ಕು ವರ್ಷ ಆ ಎರಡನೆಯ ಬ್ರೇಕಿನ ಮೇಲೆ ಕಾಲಿಟ್ಟುಕೊಂಡೇ ಅವಳು ಬದುಕು ಕಟ್ಟಿಕೊಂಡಿದ್ದಳು. ಶುರುಮಾಡಿದಾಗ, ಹೆಂಗಸು ಡ್ರೈವಿಂಗ್ ಕಲಿಸುವುದುಂಟೇ ಎಂದು ನಕ್ಕವರೇ ಹೆಚ್ಚು. ಈಗ ಅದೇ ಜನ ಮಗಳನ್ನೋ ಸೊಸೆಯನ್ನೋ ಕರೆದುಕೊಂಡು ಬಂದು, "ಮೇಡಂ, ನಿಮ್ಮ ಹತ್ರಾನೇ ಕಲೀಬೇಕಂತೆ" ಎಂದು ಹಲ್ಲು ಕಿಸಿಯುತ್ತಿದ್ದರು. ಕಾರಿನ ಪ್ರತಿಯೊಂದು ಕಿರುಗುಟ್ಟುವಿಕೆಯೂ ಅವಳಿಗೆ ಬಾಯಿಪಾಠ. ಬಾಗಿಲು ಹಾಕುವಾಗ ಸ್ವಲ್ಪ ಎತ್ತಿ ತಳ್ಳಬೇಕು, ಮೂರನೆಯ ಗೇರನ್ನು ಬೈಯದೆ ಪುಸಲಾಯಿಸಬೇಕು, ಚಳಿಯಲ್ಲಿ ಎರಡನೆಯ ಸಲಕ್ಕೇ ಸ್ಟಾರ್ಟ್ ಆಗುವುದು ಎಂದೆಲ್ಲ ಹೊಸಬರಿಗೆ ಮೊದಲ ದಿನವೇ ಹೇಳಿಬಿಡುತ್ತಿದ್ದಳು.

ಆ ವರ್ಷ ಅವಳ ಹತ್ತಿರ ಕಲಿಯುತ್ತಿದ್ದವರಲ್ಲಿ ಎಲ್ಲರಿಗಿಂತ ಹಿರಿಯರು, ಲೈಬ್ರರಿಯಲ್ಲಿ ಮೂವತ್ತೊಂದು ವರ್ಷ ದುಡಿದು ನಿವೃತ್ತರಾದ ಒಬ್ಬ ಹೆಂಗಸು. ಬೇರೆ ವಿದ್ಯಾರ್ಥಿಗಳು ಬೆನ್ನ ಹಿಂದೆ ಅವರನ್ನು 'ಮೆಲ್ಲಮ್ಮ' ಎನ್ನುತ್ತಿದ್ದರು. ಜೀವಮಾನವಿಡೀ ಪಿಸುಮಾತಿನಲ್ಲೇ ಕಳೆದ ಅವರಿಗೆ ಹಾರ್ನ್ ಒತ್ತಲು ಮನಸ್ಸೇ ಬರುತ್ತಿರಲಿಲ್ಲ.

"ಹಾರ್ನ್ ಒತ್ತಿ ಅಮ್ಮಾ, ಆ ಸೈಕಲ್ಲಿನವನು ನಿಮ್ಮನ್ನ ನೋಡೇ ಇಲ್ಲ."

"ಪಾಪ, ಏನೋ ಯೋಚನೆ ಮಾಡ್ತಾ ಹೋಗ್ತಿದ್ದಾನೆ ಮೇಡಂ. ಯಾಕೆ ಬೆಚ್ಚಿಬೀಳಿಸೋದು?"

ಲೈಸೆನ್ಸ್ ಪರೀಕ್ಷೆಯಲ್ಲಿ ಎರಡು ಸಲ ಫೇಲಾಗಿದ್ದರೂ ಮೆಲ್ಲಮ್ಮ ಬಿಡುವ ಪೈಕಿಯವರಲ್ಲ. ಅವರ ಅಕ್ಕ ಗುಡ್ಡದ ಮೇಲಿನ ಬಡಾವಣೆಯಲ್ಲಿದ್ದರು. ಅಕ್ಕನಿಗೆ ಎಪ್ಪತ್ತನಾಲ್ಕು ವರ್ಷ, ಕಣ್ಣು ಮಂಜಾಗಿ ಅಕ್ಷರ ಕಾಣದು, ಓದುವ ಚಟ ಮಾತ್ರ ಬಿಟ್ಟಿರಲಿಲ್ಲ. ಬಸ್ಸು ಗುಡ್ಡದ ಬುಡದವರೆಗೆ ಮಾತ್ರ. ಅಲ್ಲಿಂದ ಮಂಡಿನೋವು ಕಟ್ಟಿಕೊಂಡು ಹತ್ತಿ, ವಾರಕ್ಕೆ ಎರಡು ದಿನ ಅಕ್ಕನಿಗೆ ಕಾದಂಬರಿ ಓದಿ ಹೇಳಿ ಬರುತ್ತಿದ್ದರು ತಂಗಿ.

ಅನಾಹುತ ಆಗಬೇಕಾಗಿದ್ದದ್ದು ಒಂದು ಮಂಗಳವಾರ ಬೆಳಿಗ್ಗೆ. ನೀರಿನ ಟ್ಯಾಂಕಿನ ಪಕ್ಕದ ಏರಿನಲ್ಲಿ, ನಿಂತ ಕಾರನ್ನು ಹಿಂದೆ ಜಾರದಂತೆ ಮೇಲಕ್ಕೆ ಎತ್ತುವುದನ್ನು ಮೆಲ್ಲಮ್ಮ ಅಭ್ಯಾಸ ಮಾಡುತ್ತಿದ್ದರು. ಎರಡೂ ಪರೀಕ್ಷೆಯಲ್ಲಿ ಅವರು ಎಡವಿದ್ದು ಇದರಲ್ಲೇ. ಕ್ಲಚ್ ಸ್ವಲ್ಪ ಬೇಗ ಬಿಟ್ಟರು, ಎಂಜಿನ್ ಆಫ್ ಆಯಿತು, ಕಾರು ಹಿಂದಕ್ಕೆ ಜಾರಿತು. ಹಿಂದೆ ಬ್ರೆಡ್ಡು ಸಾಗಿಸುವ ವ್ಯಾನು ನಿಂತಿತ್ತು. ಗಾಬರಿಯಲ್ಲಿ ಮೆಲ್ಲಮ್ಮನಿಗೆ ಬ್ರೇಕಿನ ನೆನಪೇ ಆಗಲಿಲ್ಲ. ಇದೇನು ಹೊಸದಲ್ಲವಲ್ಲ ಎಂದು ಅವಳು ತನ್ನ ಬ್ರೇಕನ್ನು ಒತ್ತಿದಳು.

ಕಟಕ್ಕೆಂದು ಸದ್ದಾಯಿತು. ಪೆಡಲ್ಲು ತಾನು ಕೂತಿದ್ದ ತಗಡಿನ ಸಮೇತ ಕೆಳಗಿಳಿಯಿತು. ಕಾಲ ಬೆರಳಿನ ಮುಂದೆ ಒಂದು ಬಿರುಕು ಬಾಯಿಬಿಟ್ಟು, ಅದರಲ್ಲಿ ಡಾಂಬರು ರಸ್ತೆ ಮುಂದಕ್ಕೆ ಹರಿಯುವುದು ಕಾಣಿಸಿತು. ಯೋಚಿಸಲು ಹೊತ್ತಿರಲಿಲ್ಲ. ಎರಡೂ ಕೈಯಿಂದ ಹ್ಯಾಂಡ್‌ಬ್ರೇಕ್ ಹಿಡಿದು ಎಳೆದಳು. ಕಾರು ನಡುಗಿ ನಿಂತಿತು. ವ್ಯಾನಿಗೂ ಕಾರಿಗೂ ನಡುವೆ ಒಂದು ಗೇಣು ಉಳಿದಿತ್ತು.

"ನನ್ನಿಂದ ಏನಾದ್ರೂ ತಪ್ಪಾಯ್ತಾ ಮೇಡಂ?" ಮೆಲ್ಲಮ್ಮನ ಮುಖ ಬಿಳಿಚಿಕೊಂಡಿತ್ತು.

"ಇಲ್ಲಮ್ಮ. ಈ ಸಲದ ತಪ್ಪು ನನ್ನದು," ಎಂದಳು.

ಗ್ಯಾರೇಜಿನ ಮೇಸ್ತ್ರಿ ಅವಳಿಗೆ ಅಣ್ಣನಿದ್ದ ಹಾಗೆ. ಕಪ್ಪೆಯ ಒಂದೊಂದು ನಟ್ಟನ್ನೂ ಬಿಚ್ಚಿ ಹಾಕಿದವನು ಅವನೇ. ಕಾರನ್ನು ಲಿಫ್ಟಿನ ಮೇಲೆ ಏರಿಸಿ, ಕೆಳಗೆ ನಿಂತು ಟಾರ್ಚ್ ಬಿಟ್ಟ. ಜೇಬಿನಿಂದ ಸ್ಕ್ರೂಡ್ರೈವರ್ ತೆಗೆದು ತಳದ ಅಂಚಿಗೆ ಒತ್ತಿದ. ಅದು ನೆನೆದ ಬಿಸ್ಕತ್ತಿಗೆ ಚುಚ್ಚಿದ ಹಾಗೆ ಹಿಡಿಯವರೆಗೂ ಒಳಗೆ ಹೋಯಿತು. ತುಕ್ಕಿನ ಪುಡಿ ಅವನ ತಲೆಯ ಮೇಲೆ ಉದುರಿತು.

"ತಂಗೀ, ಇನ್ನು ಇದಕ್ಕೆ ನಾನು ಕೈ ಹಾಕಲ್ಲ."

"ಹಂಗಂದ್ರೆ? ಹೋದ ವರ್ಷ ತಾನೇ ಗೇರ್‌ಬಾಕ್ಸ್ ಬಿಚ್ಚಿ, ಇನ್ನು ಐದು ವರ್ಷ ಚಿಂತೆ ಇಲ್ಲ ಅಂದಿದ್ದೆ ಅಣ್ಣ!"

"ಗೇರ್‌ಬಾಕ್ಸಿಗೆ ಅಂದಿದ್ದೆ. ಅದಕ್ಕೆ ಈಗಲೂ ಚಿಂತೆ ಇಲ್ಲ. ಎಂಜಿನ್ನೂ ಕಲ್ಲುಗುಂಡು. ಆದ್ರೆ ನಿನ್ನ ಬ್ರೇಕಿನ ಬೋಲ್ಟನ್ನ ಎಲ್ಲಿ ಕೂರಿಸಲಿ ಹೇಳು. ತುಕ್ಕಿಗಾ?"

"ತಗಡು ವೆಲ್ಡ್ ಮಾಡಿ ಕೂರಿಸು."

"ವೆಲ್ಡ್ ಮಾಡೋಕೆ ಪಕ್ಕದಲ್ಲಾದ್ರೂ ಗಟ್ಟಿ ಕಬ್ಬಿಣ ಇರಬೇಕಲ್ಲ. ಮಾಡ್ತೀನಿ ಅಂದ್ರೆ ಮಾಡಬಹುದು, ನಿನ್ನ ದುಡ್ಡೂ ತಗೋಬಹುದು. ಆಮೇಲೆ ನೀನು ಯಾರನ್ನೋ ಕೂರಿಸ್ಕೊಂಡು ಏರು ಹತ್ತುವಾಗ ನನಗೆ ಇಲ್ಲಿ ಊಟ ಸೇರತ್ತಾ?"

ಅವಳಿಗೆ ಎಲ್ಲಿಲ್ಲದ ಸಿಟ್ಟು ಬಂತು. ಇಷ್ಟು ವರ್ಷ ನಂಬಿದ್ದಕ್ಕೆ ಒಳ್ಳೆ ಮಾತು ಹೇಳಿದೆ ಎಂದು ಮುಖ ತಿರುಗಿಸಿ ಹೊರಟಳು. ಊರಿನ ಇನ್ನೊಂದು ತುದಿಯಲ್ಲಿ ವೆಲ್ಡಿಂಗ್ ಮಾಡುವವನೊಬ್ಬನಿದ್ದ. ಅವನು ಕಾರಿನ ಬಾನೆಟ್ ತಟ್ಟಿ, "ಬಿಟ್ಟು ಹೋಗಿ ಅಕ್ಕಾ, ಎರಡೇ ದಿನ. ಹೊಸ ಕಾರಿನ ಹಂಗೆ ಮಾಡ್ಕೊಡ್ತೀನಿ" ಎಂದ. ಅವಳ ಜೀವಕ್ಕೆ ಹಾಲೆರೆದಂತಾಯಿತು. ಆದರೆ ಕೀಲಿ ಕೊಡಲು ಕೈ ಚಾಚುವಾಗ ಒಂದು ಮಾತು ಹೊಳೆಯಿತು: ಈ ಮನುಷ್ಯ ಇನ್ನೂ ಕಾರಿನ ಅಡಿಗೆ ಬಗ್ಗಿಯೇ ನೋಡಿಲ್ಲ. ನಾಳೆ ಬರುತ್ತೇನೆ ಎಂದು ಹೇಳಿ, ಪಕ್ಕದ ಸೀಟು ಖಾಲಿಯಿಟ್ಟುಕೊಂಡು ಮೆಲ್ಲಗೆ ಮನೆಗೆ ಬಂದಳು.

ಅವಳ ಗಂಡ ದರ್ಜಿ. ಮನೆಯ ಮುಂದಿನ ಕೋಣೆಯೇ ಅವನ ಅಂಗಡಿ. ಕೊರಳಿಗೆ ಟೇಪು ಇಳಿಬಿಟ್ಟುಕೊಂಡು ಒಂದು ಕೋಟಿನ ಒಳಪದರ ಬಿಚ್ಚುತ್ತಿದ್ದವನು, ಅವಳ ಪುರಾಣವನ್ನೆಲ್ಲ ಕೇಳಿಸಿಕೊಂಡ.

"ನೋಡು," ಎಂದ, ಕೋಟಿನ ಮೊಣಕೈಯನ್ನು ಬೆಳಕಿಗೆ ಹಿಡಿದು. "ಬಟ್ಟೆ ಗಟ್ಟಿ ಇದ್ರೆ ನಾನು ಹತ್ತು ತೇಪೆ ಹಾಕ್ತೀನಿ, ಯಾರ ಕಣ್ಣಿಗೂ ಬೀಳಲ್ಲ. ಬಟ್ಟೆನೇ ಜಾಳಾಗಿದ್ರೆ ಏನಾಗತ್ತೆ ಗೊತ್ತಾ? ನಾನು ಹೊಲಿಗೆ ಹಾಕಿದ ಕಡೆನೇ ಹರಿಯತ್ತೆ. ಗಿರಾಕಿ ಬಂದು ನಿನ್ನ ಹೊಲಿಗೆ ಸರಿ ಇಲ್ಲ ಅಂತಾನೆ. ನಿಮ್ಮ ಮೇಸ್ತ್ರಿ ಹೇಳಿದ್ದೂ ಅದನ್ನೇ."

"ಗೊತ್ತು."

"ಗೊತ್ತಿದ್ದೂ ಆ ವೆಲ್ಡಿಂಗಿನವನ ಹತ್ರ ಯಾಕೆ ಹೋದೆ?"

ಅವಳು ಮೇಜಿನ ಮೇಲೆ ಬಿದ್ದಿದ್ದ ಗುಂಡಿಗಳನ್ನು ಬೆರಳಿನಿಂದ ಅತ್ತಿತ್ತ ಸರಿಸಿದಳು. "ಹದಿನಾಲ್ಕು ವರ್ಷದಿಂದ ನಾನು ಬೇರೆ ಕಾರು ಮುಟ್ಟೇ ಇಲ್ಲ ಕಣ್ರೀ. ಹೊಸ ಕಾರಲ್ಲಿ ನನಗೇ ಬರದೇ ಹೋದ್ರೆ? ಹುಡುಗೀರ ಮುಂದೆ ಮರ್ಯಾದೆ ಹೋಗತ್ತೆ."

ದರ್ಜಿ ನಗಲಿಲ್ಲ. ಸೂಜಿಯನ್ನು ಅಂಗಿಯ ಪಟ್ಟಿಗೆ ಚುಚ್ಚಿಕೊಂಡ. "ಈ ಕರೆಂಟ್ ಮಿಷನ್ ತಂದ ವಾರ ನಾನು ಮೂರು ಅಂಗಿಗೆ ತೋಳು ತಿರುಗುಮುರುಗು ಹೊಲಿದಿದ್ದೆ."

"ನನಗೆ ಹೇಳ್ಲೇ ಇಲ್ಲ!"

"ನಿನಗೆ ಹೇಳಿದ್ರೆ ಊರಿಗೆ ಹೇಳಿದ ಹಾಗೆ."

ಅವಳಿಗೆ ನಗು ತಡೆಯಲಾಗಲಿಲ್ಲ. ಆ ದಿನ ಬೆಳಗಿನಿಂದ ಮೊದಲ ಸಲ ನಕ್ಕಿದ್ದು.

ಮರುದಿನ ಗ್ಯಾರೇಜು ಬಾಗಿಲು ತೆರೆಯುವ ಹೊತ್ತಿಗೇ ಹೋಗಿ ನಿಂತಳು. ನಿನ್ನೆಯ ಮಾತಿಗೆ ಬೇಜಾರು ಮಾಡ್ಕೋಬೇಡ ಅಣ್ಣ ಎನ್ನಬೇಕೆಂದಿದ್ದವಳಿಗೆ ಮೇಸ್ತ್ರಿ ಅವಕಾಶವನ್ನೇ ಕೊಡಲಿಲ್ಲ. ನೇರ ಹಿಂದಿನ ಶೆಡ್ಡಿಗೆ ಕರೆದುಕೊಂಡು ಹೋದ. ಅಲ್ಲಿ ಮೂರು ವರ್ಷ ಓಡಿದ ಒಂದು ಬಿಳಿ ಕಾರು ನಿಂತಿತ್ತು.

"ಎರಡು ತಿಂಗಳಿಂದ ಹುಡುಕ್ತಿದ್ದೆ. ಒಂದು ದಿನ ನಿನಗೆ ಹೇಳಬೇಕಾಗತ್ತೆ ಅಂತ ಗೊತ್ತಿತ್ತು. ಹೇಳೋಕೆ ಬಾಯಿ ಬರ್ಲಿಲ್ಲ," ಎಂದ. "ಮೊದಲು ಅಡಿಗೆ ಬಗ್ಗಿ ನೋಡು. ಬಣ್ಣ ಆಮೇಲೆ ನೋಡುವೆಯಂತೆ."

ಅವಳು ಚಾಪೆ ಹಾಸಿಕೊಂಡು ಮಲಗಿ, ಅಡಿಯನ್ನೆಲ್ಲ ಸ್ಕ್ರೂಡ್ರೈವರಿನಿಂದ ಕುಟ್ಟಿ ನೋಡಿದಳು. ಎಲ್ಲಿ ಕುಟ್ಟಿದರೂ ಟಣ್ ಎಂದಿತು.

ಎರಡನೆಯ ಬ್ರೇಕು ಕೂರಿಸಲು ಮೇಸ್ತ್ರಿ ನಾಲ್ಕು ದಿನ ತೆಗೆದುಕೊಂಡ. ಕೂರಿಸಿದ ಮೇಲೆ ತಾನು ಕೆಳಗೆ ನಿಂತು, ಅವಳನ್ನು ಮೇಲೆ ಕೂರಿಸಿ, "ಒತ್ತು. ಇನ್ನೂ ಜೋರಾಗಿ. ನನ್ನ ಮೇಲಿನ ಸಿಟ್ಟೆಲ್ಲ ತೀರೋ ಹಂಗೆ ಒತ್ತು" ಎಂದು ಬೆವರು ಇಳಿಯುವವರೆಗೆ ಒತ್ತಿಸಿದ. ಪರವಾನಗಿ ಕಚೇರಿಯವರೂ ಬಂದು ನೋಡಿ ಒಪ್ಪಿಗೆ ಕೊಟ್ಟರು. ಕಪ್ಪೆಯ ಎಂಜಿನ್ನನ್ನೂ ಗೇರ್‌ಬಾಕ್ಸನ್ನೂ ಇಳಿಸಿ ಇನ್ನೊಬ್ಬ ಗಿರಾಕಿಯ ಅದೇ ಮಾದರಿಯ ಕಾರಿಗೆ ಹಾಕುವುದೆಂದು ತೀರ್ಮಾನವಾಯಿತು. ಸೀಟಿನ ದಿಂಬು, ಕನ್ನಡಿ ಒರೆಸುವ ಬಟ್ಟೆ, ಡಬ್ಬಿ ತುಂಬ ಪೆಪ್ಪರ್‌ಮಿಂಟು ಎತ್ತಿಕೊಳ್ಳುವಾಗ ಅವಳ ಕಣ್ಣು ತುಂಬಿತು. ಮೇಸ್ತ್ರಿ ಗೋಡೆಯ ಕಡೆ ತಿರುಗಿ, ಸಾಲಾಗಿದ್ದ ಸ್ಪ್ಯಾನರುಗಳನ್ನೇ ಮತ್ತೆ ಸಾಲಾಗಿ ಜೋಡಿಸತೊಡಗಿದ.

ಸೋಮವಾರ ಬೆಳಿಗ್ಗೆ ಬಿಳಿ ಕಾರಿನಲ್ಲಿ ಮೆಲ್ಲಮ್ಮನನ್ನು ಕರೆತರಲು ಹೋದಳು. ಅವರನ್ನು ಪಕ್ಕದಲ್ಲಿ ಕೂರಿಸಿಕೊಂಡು, ಖಾಲಿ ರಸ್ತೆ ಸಿಗುವವರೆಗೆ ತಾನೇ ಓಡಿಸೋಣ ಎಂದುಕೊಂಡಳು. ಮೊದಲ ಸಿಗ್ನಲ್ಲಿನಲ್ಲೇ ಗ್ರಹಚಾರ ಕೆಟ್ಟಿತು. ಹಸಿರು ಬಂತು, ಕ್ಲಚ್ ಬಿಟ್ಟಳು, ಎಂಜಿನ್ ಆಫ್. ಮತ್ತೆ ಸ್ಟಾರ್ಟ್ ಮಾಡಿದಳು, ಕಾರು ಒಮ್ಮೆ ಮುಗ್ಗರಿಸಿ ಮತ್ತೆ ಆಫ್. ಹಿಂದಿನವರು ಹಾರ್ನ್ ಮೇಲೆ ಹಾರ್ನ್ ಬಾರಿಸಿದರು. ಅವಳ ಕಿವಿ ಕೆಂಪಾಯಿತು. ಕಲಿಸುವುದೇ ಕಸುಬಾದವಳು ನಡುರಸ್ತೆಯಲ್ಲಿ ಕೂತು ಬೆವರುತ್ತಿದ್ದಳು.

ಪಕ್ಕದಿಂದ ಪಿಸುಮಾತು ಕೇಳಿಸಿತು. "ಮೇಡಂ, ಕ್ಲಚ್ಚನ್ನ ಉಸಿರು ಬಿಡೋ ಹಾಗೆ ಬಿಡಿ. ಗಡಿಬಿಡಿ ಬೇಡ. ಅವರು ಕೂಗ್ತಾ ಇರ್ತಾರೆ."

ಅದು ಅವಳೇ ಅವರಿಗೆ ನೂರು ಸಲ ಹೇಳಿದ ಮಾತು. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡು ನಕ್ಕರು. ಮೂರನೆಯ ಸಲಕ್ಕೆ ಕಾರು ಹೊರಟಿತು.

ರಸ್ತೆಯ ಪಕ್ಕ ನಿಲ್ಲಿಸಿ, "ನನಗೆ ಭಯ ಆಗ್ತಿದೆ ಅಮ್ಮಾ. ಈ ಕಾರು ನನಗೆ ಇನ್ನೂ ಒಗ್ಗಿಲ್ಲ" ಎಂದಳು.

ಮೆಲ್ಲಮ್ಮ ಅವಳನ್ನು ಹೊಸದಾಗಿ ನೋಡುವವರಂತೆ ನೋಡಿದರು. "ನಿಮಗೂ ಭಯ ಆಗತ್ತಾ? ಇದು ನನ್ನೊಬ್ಬಳ ರೋಗ ಅಂದ್ಕೊಂಡಿದ್ದೆ."

ಆ ದಿನದಿಂದ ಪಾಠದ ರೀತಿಯೇ ಬದಲಾಯಿತು. ಇಷ್ಟು ವರ್ಷ ಅವಳು ಕಲಿಸಿದ್ದರಲ್ಲಿ ಅರ್ಧ ಕಪ್ಪೆಯ ಚಾಳಿಗಳೇ ಆಗಿದ್ದವು. ಇಲ್ಲಿ ಎತ್ತಿ ತಳ್ಳು, ಅಲ್ಲಿ ಪುಸಲಾಯಿಸು ಎಂದು ಹೇಳಲು ಈಗ ಅವಳಿಗೇ ಏನೂ ಗೊತ್ತಿರಲಿಲ್ಲ. ಇಬ್ಬರೂ ಸರದಿಯ ಮೇಲೆ ಸ್ಟೀರಿಂಗ್ ಹಿಡಿದು, ಕಾಲಿನ ಚಪ್ಪಲಿ ಬಿಚ್ಚಿಟ್ಟು, ಕ್ಲಚ್ಚು ಯಾವ ಮಟ್ಟದಲ್ಲಿ ಕಾರನ್ನು ಹಿಡಿಯುತ್ತದೆ ಎಂದು ಅಂಗಾಲಿನಲ್ಲೇ ಹುಡುಕಿದರು. "ಈಗ... ಈಗ ಸದ್ದು ಸ್ವಲ್ಪ ದಪ್ಪ ಆಯ್ತು ನೋಡಿ," ಎಂದು ಮೆಲ್ಲಮ್ಮ ಅವಳಿಗಿಂತ ಮೊದಲೇ ಗುರುತಿಸಿದರು. ನಿಶ್ಶಬ್ದದಲ್ಲಿ ಕೂತು ಕೂತು ಪಳಗಿದ ಕಿವಿ. ಆ ಸದ್ದು ಹಿಡಿದ ಮೇಲೆ ಏರಿನಲ್ಲಿ ಕಾರು ಒಂದು ಇಂಚೂ ಜಾರಲಿಲ್ಲ.

ಮೂರನೆಯ ಪರೀಕ್ಷೆಯಲ್ಲಿ ಮೆಲ್ಲಮ್ಮ ಪಾಸಾದರು. ಅಧಿಕಾರಿ ಏರಿನ ನಡುವೆ ಎರಡು ಸಲ ನಿಲ್ಲಿಸಿ ನೋಡಿದರಂತೆ, ಎರಡು ಸಲವೂ ಇವರು ನಿಂತಲ್ಲಿಂದ ಹಾಗೇ ಎತ್ತಿದರಂತೆ. ತಿಂಗಳೊಳಗೆ ಅವರೂ ಒಂದು ಪುಟ್ಟ ಕಾರು ಕೊಂಡರು. ಕೊಳ್ಳುವ ಮೊದಲು ಮೇಸ್ತ್ರಿ ಒಪ್ಪಬೇಕು ಎಂದು ಹಟ ಹಿಡಿದು, ಮಾರುವವನ ತಾಳ್ಮೆ ಪರೀಕ್ಷಿಸಿದರು.

ಅದಾದ ಕೆಲವು ವಾರಕ್ಕೆ, ಅವಳು ಊಟಕ್ಕೆ ಕೂತಿದ್ದಾಗ ಫೋನು ಬಂತು. ಆ ಕಡೆಯಿಂದ ಗಡಸು, ಗಟ್ಟಿ ದನಿ.

"ನನ್ನ ತಂಗಿಗೆ ಕಾರು ಕಲಿಸಿದವರು ನೀವೇನಾ?"

"ಹೌದಮ್ಮಾ, ಏನಾಯ್ತು?" ಅವಳ ಕೈಯಲ್ಲಿದ್ದ ತುತ್ತು ಹಾಗೇ ನಿಂತಿತು.

"ಆಗೋದೇನು, ವಾರಕ್ಕೆ ಎರಡು ದಿನ ಬರ್ತಿದ್ದವಳು ಈಗ ದಿನಾ ಬಂದು ತಲೆ ತಿಂತಾಳೆ. ನಿನ್ನೆ ಅವಳೇ ಕಣ್ಣಿನ ಆಸ್ಪತ್ರೆಗೆ ಕರ್ಕೊಂಡು ಹೋಗಿದ್ಲು. ಮುಂದಿನ ತಿಂಗಳು ಆಪರೇಷನ್. ಪೊರೆ ತೆಗೆದ್ರೆ ಚೆನ್ನಾಗಿ ಕಾಣತ್ತೆ ಅಂದ್ರು ಡಾಕ್ಟ್ರು."

"ತುಂಬಾ ಸಂತೋಷ ಅಮ್ಮಾ."

"ನಿಮ್ಮ ಸಂತೋಷ ಇರಲಿ. ಕಣ್ಣು ಬಂದ ಮೇಲೆ ಡಾಕ್ಟ್ರು ಸೈ ಅಂದ್ರೆ ನನಗೂ ಕಲಿಸ್ತೀರೋ ಇಲ್ವೋ, ಅದನ್ನ ಹೇಳಿ."

ಅವಳು ಎಡಗೈಯಿಂದಲೇ ಪಾಠದ ವೇಳೆ ಬರೆದಿಡುವ ಪುಸ್ತಕ ಎಳೆದುಕೊಂಡು, ಗಂಡನಿಗೆ ಪೆನ್ನು ಕೊಡಲು ಸನ್ನೆ ಮಾಡಿದಳು. "ಬೆಳಿಗ್ಗೆ ಬರ್ತೀರೋ, ಸಂಜೆ ಬರ್ತೀರೋ ಅಮ್ಮಾ?"