ಕೊಡೆಯ ಮೇಲಿನ ಹೆಸರು

ಮಡಚಿದ ಕೊಡೆಯ ಪದರಿನಿಂದ ಬಿಳಿ ನೂಲಿನ ಒಂದು ತುದಿ ಹೊರಗೆ ಚಾಚಿದೆ, ಬಸ್ಸು ಹೊಂಡಕ್ಕೆ ಇಳಿದಾಗಲೆಲ್ಲ ಹುಳದ ಹಾಗೆ ತಲೆಯಾಡಿಸುತ್ತದೆ, ಒಳಗೆ ತುರುಕಿದರೆ ಮತ್ತೆ ಹೊರಗೆ, ಇರಲಿ, ಇನ್ನು ಯಾರಿಂದ ಅಡಗಿಸುವುದು, ಕಂಡಕ್ಟರನಿಗೂ ಗೊತ್ತಾಗಿದೆ — ಕಡಬದಲ್ಲಿ ಟಿಕೇಟು ಹರಿಯುತ್ತಲೇ ಕೇಳಿದ, ನೀವು ಪುತ್ತೂರಿನ ಒಣಮೀನಿನ ಸುಲೈಮಾನಾಕರ ತಂಗಿ ಅಲ್ವಾ, ನಿಮಗೆ ಹೇಗೆ ಗೊತ್ತು ಎಂದೆ, ಹೇಗೆ ಅಂತ ಕೇಳುದಾ, ಹತ್ತುವಾಗ ನೋಡಿದೆ, ಕೊಡೆಯಲ್ಲಿ ಇಷ್ಟು ದೊಡ್ಡ ಹೆಸರುಂಟಲ್ಲ, ಅವರು ಎರಡು ದಿನದಿಂದ ಬಸ್ ಸ್ಟೇಂಡಿನಲ್ಲಿ ಕಾಯ್ತಾ ಇದ್ದಾರೆ ಮಾರಾಯ್ರೆ, ಕಡಬದ ಬಸ್ಸು ಬಂದ್ರೆ ಸಾಕು, ಒಂದೊಂದು ಕಿಟಕಿ ಇಣುಕುದು, ನಿಮ್ಮ ಊರಿನ ಕುಂಞಿ ಮೋನಾಕ ಅವರಿಗೆ ಹೇಳಿದ್ರಂತೆ, ನಿಮ್ಮ ಕೊಡೆ ಸುಳ್ಯದಲ್ಲಿ ಉಂಟು ಅಂತ. ನಿಮ್ಮ ಕೊಡೆ ಸುಳ್ಯದಲ್ಲಿ ಉಂಟು. ನಾನಲ್ಲ, ಕೊಡೆ. ನಗು ಬಂತು, ನಕ್ಕೂಬಿಟ್ಟೆ, ಆಮೇಲೆ ನೋಡಿದರೆ ಟಿಕೇಟು ಅಂಗೈಯ ಬೆವರಿಗೆ ಅಂಟಿಕೊಂಡು ಬಣ್ಣ ಬಿಟ್ಟಿತ್ತು. ಕಾಕ, ನನ್ನ ಅಣ್ಣ, ಎರಡು ದಿನದಿಂದ ಅಂಗಡಿ ಬಿಟ್ಟು ನಿಂತಿದ್ದಾನೆ. ಹೊರಡುವ ದಿನ ಅವನು ತನ್ನ ಕೊಡೆಯನ್ನು ನನ್ನ ಕೈಗಿಟ್ಟು ಹೇಳಿದ್ದು ಒಂದೇ ಮಾತು, ಇಚಿಲಂಪಾಡಿಯಲ್ಲಿ ನಿನ್ನ ಗೆಳತಿ ವಲ್ಸಾನ ಮನೆ, ಅವರ ಕ್ರಿಸ್ಮಸ್ ಹಬ್ಬ, ಅಷ್ಟೇ, ಅದು ಬಿಟ್ಟು ಒಂದು ಹೆಜ್ಜೆ ಆಚೆ ಇಟ್ಟದ್ದು ಗೊತ್ತಾದ್ರೆ ಮಂಗಳೂರು ಅಲ್ಲಿಗೇ ಮುಗೀತು. ಮಂಗಳೂರು ಅಂದರೆ ಹಾಸ್ಟೆಲು, ಕಾಲೇಜು, ಮಾರ್ಚಿಯಲ್ಲಿ ಬಿ.ಎ.ಯ ಕೊನೆಯ ಪರೀಕ್ಷೆ. ಮೂರು ತಿಂಗಳು ಉಂಟು, ಮೂರೇ ತಿಂಗಳು. ನಾನು ಅವನಿಗೆ ಸುಳ್ಳು ಹೇಳಲಿಲ್ಲ, ಪೂರ್ತಿ ಹೇಳಲಿಲ್ಲ ಅಷ್ಟೆ — ಇಲ್ಲ, ಪದ ಸರಿಯಾಗಿರಲಿ, ಸುಳ್ಳೇ ಹೇಳಿದೆ. ಅವನು ನನ್ನನ್ನೂ ವಲ್ಸಾಳನ್ನೂ ಕಡಬದ ಬಸ್ಸಿಗೆ ಹತ್ತಿಸಿ ಅಂಗಡಿಗೆ ಹೋದ, ಅವನ ಬೆನ್ನು ಮರೆಯಾದ ಕೂಡಲೇ ನಾವು ಇಳಿದು ಸುಳ್ಯದ ಬಸ್ಸು ಹತ್ತಿದೆವು, ನಮ್ಮ ತರಗತಿಯ ದುಗ್ಗಮ್ಮ ಆಗಲೇ ಅದರಲ್ಲಿ ಸೀಟು ಹಿಡಿದು ಕೂತಿದ್ದಳು, ಎಂತ ಹೆಂಗಸರೇ, ಹಡಗು ತಪ್ಪುತ್ತಿತ್ತಲ್ಲ, ಎಂದಳು.

ಹಡಗು. ಅದೆಲ್ಲ ಭೂಗೋಳದ ತರಗತಿಯಲ್ಲಿ ಶುರುವಾದದ್ದು, ದಕ್ಷಿಣ ಅಮೆರಿಕದ ನಕ್ಷೆ ಬಿಡಿಸುವಾಗ, ಹಸಿಮೆಣಸಿನ ಹಾಗೆ ಕೆಳಗೆ ಚೂಪಾದ ಖಂಡ, ಲಿಮಾ, ಸಾಂತಿಯಾಗೊ, ಲಾಪಾಜ್, ಒಂದೊಂದು ಊರಿಗೂ ಕೆಂಪು ಶಾಯಿಯ ಚುಕ್ಕೆ, ಹೆಗಲಿಗೊಂದು ಚೀಲ ಹಾಕಿ ಮೂವರೂ ಊರಿಂದೂರಿಗೆ ಹೋಗುವ, ಬೇಕಾದಲ್ಲಿ ಇಳಿಯುವ, ಬೇಕಾದಷ್ಟು ದಿನ ಕೂರುವ ಎಂದು ವಲ್ಸಾ, ಹಡಗಿನ ಟಿಕೇಟಿಗೆ ನಿನ್ನ ಅಪ್ಪನ ರಬ್ಬರ್ ತೋಟ ಮಾರುದಾ ಎಂದು ದುಗ್ಗಮ್ಮ, ಅಲ್ಲಿಗೆ ಆಗದಿದ್ದರೆ ಸುಳ್ಯಕ್ಕಾದರೂ ಹೋಗುವ ಎಂದದ್ದು ನಾನು. ನಾನೇ. ಎಲ್ಲದಕ್ಕೂ ಮೊದಲು ಹೆದರುವವಳು, ಯಾವ ಕೋಣೆಗೆ ಹೋದರೂ ಬಾಗಿಲು ಎಷ್ಟು, ಯಾರು ನೋಡುತ್ತಿದ್ದಾರೆ ಎಂದು ಲೆಕ್ಕ ಹಾಕುವವಳು, ಆ ಮಾತು ನನ್ನ ಬಾಯಿಂದ ಹೇಗೆ ಬಂತೋ. ಸುಳ್ಯ ಸಾಂತಿಯಾಗೊ ಆಯಿತು, ಕಲ್ಲುಗುಂಡಿ ಲಿಮಾ, ಅದರಾಚೆ ಸಂಪಾಜೆಯ ಘಾಟಿ ಆಂಡೀಸ್ ಪರ್ವತ, ಮೇಲೆ ಮಡಿಕೇರಿ ಲಾಪಾಜ್, ಅಲ್ಲಿಗೆ ಮುಂದಿನ ಸಲ. ಅರಂತೋಡಿನಲ್ಲಿ ದುಗ್ಗಮ್ಮನ ಮನೆಯಲ್ಲಿ ಎರಡು ರಾತ್ರಿ, ಬಿಸಿಲು ಹಾಸಿಗೆಯವರೆಗೆ ಬಂದರೂ ನಾವು ಏಳಲಿಲ್ಲ, ಅವಳ ಅಜ್ಜಿ ಬಾಗಿಲಲ್ಲಿ ನಿಂತು, ಕಾಲೇಜಿನಲ್ಲಿ ನಿದ್ದೆ ಮಾಡ್ಲಿಕ್ಕೆ ಕಲಿಸುದಾ ಎಂದರು. ಯಾವ ಬಸ್ಸಿಗೂ ಓಡಲಿಲ್ಲ ನಾವು, ಕಲ್ಲುಗುಂಡಿಯಲ್ಲಿ ದುಗ್ಗಮ್ಮನ ಪೊಟ್ಟಣದಲ್ಲಿ ನೆಲಗಡಲೆ ಮುಗಿದಿಲ್ಲವೆಂದು ಎರಡು ಬಸ್ಸು ಬಿಟ್ಟೆವು, ಪಯಸ್ವಿನಿಯ ಬಂಡೆಯ ಮೇಲೆ ಕೂತು ನೀರಿಗೆ ಕಾಲು ಇಳಿಬಿಟ್ಟೆವು, ಸಣ್ಣ ಮೀನುಗಳು ಹಿಮ್ಮಡಿ ಕಚ್ಚುತ್ತಿದ್ದವು, ಮೀನಿನ ವ್ಯಾಪಾರದವರ ಮನೆಯಲ್ಲಿ ಹುಟ್ಟಿದರೂ ಜೀವ ಇರುವ ಮೀನು ನನ್ನನ್ನು ಮುಟ್ಟಿದ್ದು ಅದೇ ಮೊದಲು. ಕೊಡೆ ದಡದಲ್ಲಿ ಮಡಚಿ ಬಿದ್ದಿತ್ತು. ಆ ಒಂದು ಗಂಟೆ ನಾನು ಯಾರನ್ನೂ ಲೆಕ್ಕ ಹಾಕಲಿಲ್ಲ.

ದಾರಿಯ ಹೋಟೆಲಿನವನು ಕೇಳಿದ್ದ, ನಿಮ್ಮ ಜೊತೆ ಗಂಡಸರು ಯಾರಿಲ್ವಾ, ಇದ್ದಾರೆ, ಲಿಮಾದಲ್ಲಿ ಎಂದಳು ವಲ್ಸಾ, ಅದು ಎಲ್ಲಾಯಿತು, ಮಡಿಕೇರಿಯ ಆಚೆಯಾ ಎಂದು ಅವನು ಚಹಾ ತಂದಿಟ್ಟ. ಚಹಾ ಮೂಗಿಗೆ ಹತ್ತುವಷ್ಟು ನಕ್ಕೆವು. ಆ ನಗುವಿಗೆ ನಾನು ಕ್ಷಮೆ ಕೇಳುವುದಿಲ್ಲ, ಬಸ್ ಸ್ಟೇಂಡಿನಲ್ಲಿ ಕಾಕ ಏನು ಕೇಳಿದರೂ ಅದಕ್ಕೆ ಮಾತ್ರ ಕೇಳುವುದಿಲ್ಲ. ತಪ್ಪಾದದ್ದು ಸುಳ್ಯದಲ್ಲಿ, ವಾಪಸು ಬರುವಾಗ, ಕಡಬಕ್ಕೆ ಹೋಗುವ ಬಸ್ಸಿಗೆ ಕಾಯುತ್ತಾ ನಿಂತ ಅರ್ಧ ಗಂಟೆ. ಉಮ್ಮ, ನನ್ನ ತಾಯಿ, ಹನ್ನೆರಡನೆಯ ವರ್ಷಕ್ಕೆ ಕೊಡೆ ಕೈಗೆ ಕೊಟ್ಟು ಕಲಿಸಿದ್ದಳು, ಮಳೆ ಇಲ್ಲದಿದ್ದರೂ ಬಿಸಿಲು ಇಲ್ಲದಿದ್ದರೂ ಹೊರಗೆ ಬಿಡಿಸು, ಗಂಡಸರು ಇರುವ ಕಡೆಗೆ ಇಳಿಸಿ ಹಿಡಿ, ಮುಖ ಕಾಣಬಾರದು, ಕಾಲು ಮಾತ್ರ ಕಂಡರೆ ಸಾಕು, ನಮ್ಮ ಹೆಂಗಸರು ದಾರಿಯಲ್ಲಿ ನಡೆಯುವುದೇ ಹಾಗೆ, ಕಪ್ಪು ಕೊಡೆಗಳಿಗೆ ಕಾಲು ಬಂದ ಹಾಗೆ. ವಲ್ಸಾ, ದುಗ್ಗಮ್ಮ ಮುಖ ಬಿಟ್ಟು ನಿಂತಿದ್ದರು, ನಾನು ಕೊಡೆಯನ್ನು ಮೂಗಿನವರೆಗೆ ಇಳಿಸಿ, ಯಾರಿಗೂ ಕಾಣುವುದಿಲ್ಲ ಎಂಬ ಧೈರ್ಯದಲ್ಲಿ ನಿಂತೆ, ಎದುರಿನ ಅಂಗಡಿಯಲ್ಲಿ ಕುಂಞಿ ಮೋನಾಕ ಅಡಿಕೆ ತೂಗಿಸುತ್ತಿದ್ದ ಎಂದು ನನಗೇನು ಗೊತ್ತು. ನನಗೆ ಹನ್ನೆರಡು ತುಂಬಿದ ಮೇಲೆ ಆ ಮನುಷ್ಯ ನನ್ನ ಮುಖ ನೋಡಿದವನಲ್ಲ, ನಾನು ಕೊಡೆ ಮಡಚಿ ಅವನ ಮೂಗಿನ ಮುಂದೆ ನಡೆದಿದ್ದರೂ ಯಾರದೋ ಹುಡುಗಿ ಎನ್ನುತ್ತಿದ್ದ, ನಾನು ಅಡಗಿದೆ, ಅಡಗಿದ್ದರಿಂದಲೇ ಇಡೀ ಸುಳ್ಯಕ್ಕೆ ಬಿಡಿಸಿ ತೋರಿಸಿದೆ, ಪಿ. ಸುಲೈಮಾನ್ ಪುತ್ತೂರು, ಬೆರಳುದ್ದದ ಅಕ್ಷರ, ಬಿಳಿ ನೂಲಿನಲ್ಲಿ, ಒಂದು ಹೊಲಿಗೆಯೂ ತಪ್ಪದೆ.

ತಪ್ಪದೆ, ಯಾಕೆಂದರೆ ಹೊಲಿದವಳು ನಾನೇ. ಶುಕ್ರವಾರ ಮಸೀದಿಯ ಜಗಲಿಯಲ್ಲಿ ಕೊಡೆಗಳೆಲ್ಲ ಒಂದೇ ಹಾಗೆ, ಮಳೆಗಾಲದಲ್ಲಿ ಕಾಕ ಮೂರು ಕೊಡೆ ಕಳಕೊಂಡ, ನಾಲ್ಕನೆಯದನ್ನು ನನ್ನ ಮಡಿಲಿಗೆ ಹಾಕಿ, ನೀನು ಶಾಲೆಗೆ ಹೋಗ್ತೀಯಲ್ಲ, ಬರಿ ನೋಡುವ ನನ್ನ ಹೆಸರು, ದೊಡ್ಡದಾಗಿ ಬರಿ, ಆ ಕಳ್ಳನಿಗೆ ಮಸೀದಿಯ ಮೆಟ್ಟಿಲಿಂದಲೇ ಕಾಣಬೇಕು, ಎಂದ. ನನಗಾಗ ಹದಿಮೂರು. ಅವನಿಗೆ ಕನ್ನಡ ಓದಲು ಬರುವುದಿಲ್ಲ, ಆದರೂ ಬೆರಳಿನಿಂದ ಒಂದೊಂದು ಅಕ್ಷರ ಸವರಿ ಮುಗಿಸಿ ಪಕ್ಕದ ಅಂಗಡಿಗೆ ಕೊಂಡುಹೋಗಿ ತೋರಿಸಿದ, ನನ್ನ ತಂಗಿ ಬರೆದದ್ದು, ಇದು ನಾನು. ಕಾಲೇಜಿಗೆ ಕಳಿಸುತ್ತೇನೆ ಎಂದಾಗ ನಾಲ್ಕು ಹಿರಿಯರು ಮನೆಗೆ ಬಂದು ಕೂತರು, ಹೆಣ್ಣಿಗೆ ಅಷ್ಟು ಓದು ಎಂತಕ್ಕೆ ಸುಲೈಮಾನ್, ಅವನು ಎದ್ದು ಈ ಕೊಡೆಯನ್ನೇ ತಂದು ಅವರ ಮುಂದೆ ಬಿಡಿಸಿದ, ಇದಕ್ಕೆ, ಎಂದ. ಅಂಥವನು. ಅಂಥವನೇ ಈಗ ಕಿಟಕಿ ಕಿಟಕಿ ಇಣುಕುತ್ತಿದ್ದಾನೆ. ಆದರೆ ಬಿಡಿಸಿ ತೋರಿಸಿದವನಿಗೆ ಮಡಚಿ ಮೂಲೆಗಿಡುವ ಹಕ್ಕೂ ಉಂಟೆಂದು ಯಾರು ಹೇಳಿದರು. ನಿನ್ನೆ ಕಾಕನ ಷರತ್ತು ಕೇಳಿ ವಲ್ಸಾನ ಅಮ್ಮ ರೋಸಮ್ಮ ಬೇಯಿಸಿದ ಮರಗೆಣಸು ಬಡಿಸುತ್ತಾ, ನಿನ್ನ ಕಾಕ ಓದು ಬಿಡಿಸಿದ್ರೆ ಇಲ್ಲಿಗೆ ಬಾ ಮೋಳೇ, ರಬ್ಬರಿನ ಹಾಲು ತೆಗೆಯಲಿಕ್ಕೆ ಬಿ.ಎ. ಬೇಡ ಎಂದರು, ನಗಿಸಲಿಕ್ಕೆ, ನಾನು ನಗಲಿಲ್ಲ, ನನಗೆ ಬೇಕು, ಬಿ.ಎ. ನನಗೆ ಬೇಕು.

ಉಪ್ಪಿನಂಗಡಿ ದಾಟಿತು. ತಲೆಯ ಪಿನ್ನು ತೆಗೆದು ಆ ನೂಲಿನ ತುದಿಗೆ ಹಾಕಿ ಎಳೆದೆ, ಎಳೆದದ್ದು ಯಾವಾಗ, ಈಗಲೇ ಎಳೆಯುತ್ತಿದ್ದೇನೆ, ಒಂದು ಹೊಲಿಗೆ ಬಿಟ್ಟರೆ ಮುಂದಿನದು ತಾನಾಗಿ ಸಡಿಲ, ಪಕ್ಕದ ಹೆಂಗಸು ಎಂತ ಮಾರಾಯ್ತಿ, ಒಳ್ಳೆ ಕೊಡೆ ಹಾಳು ಮಾಡುದು ಎನ್ನುತ್ತಾಳೆ, ಹಾಳಲ್ಲ, ಹೊಲಿದವಳು ಬಿಚ್ಚುತ್ತಿದ್ದೇನೆ, ಪಿ. ಹೋಯಿತು, ಸು ಹೋಯಿತು, ಮಡಿಲ ತುಂಬ ಸುರುಳಿ ನೂಲು, ಬಟ್ಟೆಯನ್ನು ಕಿಟಕಿಯ ಬಿಸಿಲಿಗೆ ಹಿಡಿದರೆ ಹೆಸರು ಹೋಗಿಲ್ಲ, ಸೂಜಿಯ ತೂತುಗಳಲ್ಲಿ ಬೆಳಕಾಗಿ ನಿಂತಿದೆ, ಕಪ್ಪಿನಲ್ಲಿ ಚುಕ್ಕೆ ಚುಕ್ಕೆ. ಅವನ ಹೆಸರು ಮುಗಿಯಿತು, ಮುಂದೆ ಪುತ್ತೂರು, ಪಿನ್ನು ಅಲ್ಲಿ ನಿಂತಿತು. ಅದನ್ನು ಯಾಕೆ ಬಿಚ್ಚಲಿ, ಊರು ನನ್ನದೂ ಹೌದು. ಬಸ್ಸು ತಿರುಗಿತು, ನಿಂತಿತು, ಕಾಕ, ಬಿಸಿಲಿಗೆ ತಲೆಗೆ ಬಟ್ಟೆ ಸುತ್ತಿದ್ದಾನೆ, ಕೊಡೆ ನನ್ನ ಹತ್ತಿರ ಅಲ್ಲವೇ, ಎರಡು ದಿನ ಹಾಗೆಯೇ ನಿಂತನೇ. ಮೆಟ್ಟಿಲಲ್ಲೇ ಬಿಡಿಸಿದೆ, ಇಳಿಸಲಿಲ್ಲ, ಎತ್ತಿ ಹಿಡಿದೆ, ಇಬ್ಬರಿಗೂ ಆಗುವಷ್ಟು ಎತ್ತರ, ಮುಖ ಇಡೀ ಬಸ್ ಸ್ಟೇಂಡಿಗೆ ಕಾಣುವ ಹಾಗೆ. ಝೈನಬಾ, ಸುಳ್ಯಕ್ಕೆ ಹೋಗಿದ್ದೆಯಾ. ಕಲ್ಲುಗುಂಡಿವರೆಗೆ ಹೋಗಿದ್ದೆ ಕಾಕ, ನಿನ್ನಲ್ಲಿ ಸುಳ್ಳು ಹೇಳಿ ಹೋದೆ, ಆ ಸುಳ್ಳು ನನ್ನ ತಪ್ಪು, ಹೋದದ್ದು ತಪ್ಪಲ್ಲ, ಮಾರ್ಚಿಯಲ್ಲಿ ಪರೀಕ್ಷೆಗೂ ಹೋಗುತ್ತೇನೆ. ಅವನ ಬಾಯಿ ತೆರೆಯಿತು, ಕಣ್ಣು ಮೇಲಕ್ಕೆ ಹೋಯಿತು, ಬೆರಳು ತಡವುತ್ತಾ ಬಂತು ಹೆಸರಿದ್ದ ಜಾಗಕ್ಕೆ, ಓದಲು ಬಾರದ ಬೆರಳು, ಬಿಳಿ ನೂಲು ಇಲ್ಲ, ಆದರೂ ಅಲ್ಲೇ ನಿಂತಿತು, ಅವನು ಕೊಡೆಯ ಕೆಳಗೆ ಬಂದ, ಅವನ ಅಂಗಿಯ ಎದೆಯ ಮೇಲೆ ಬೆಳಕಿನ ಚುಕ್ಕೆ, ಒಂದು, ಅದರ ಪಕ್ಕ ಒಂದು, ಇನ್ನೊಂದು ಚುಕ್ಕೆ, ಚುಕ್ಕೆ