ಬೆಳಕಿಗೆ ಅಂಜುವ ದೇವರು

ಸಿದ್ರಾಯ ಭಂಡಾರದ ಚೀಲ ಬಿಚ್ಚಿದವನು ಮತ್ತೆ ಬಾಯಿ ಕಟ್ಟಿ ಸೊಂಟಕ್ಕೆ ಸಿಕ್ಕಿಸಿಕೊಂಡ.

ನಾಗನೂರಿನ ಮನೆಕಟ್ಟೆಯ ಮೇಲೆ ಬೀರಸಿದ್ದಪ್ಪನನ್ನು ಕಂಬಳಿ ಹೊದಿಸಿ, ಗೋಡೆಗಾನಿಸಿ ಕೂರಿಸಿದ್ದರು. ಬೀರದೇವರ ಆಣೆ ಹಿಡಿದು ಹೆಂಡ ಮುಟ್ಟದೆ ಬಾಳಿದ ಕುರಿಗಾರ. ಅಂಥವನ ಹಣೆಗೆ ಮನೆತನದ ಹಿರಿಯ ಭಂಡಾರದ ಅರಿಸಿನ ಹಚ್ಚಿದ ಮೇಲೇ ಹೆಣ ಮೇಲೇಳಬೇಕು. ಹಿರಿಯನೆಂದರೆ ಸಿದ್ರಾಯನೇ.

"ದಾರೂ ಕುಡದವರ ಹಣಿಗಿ ಇದನ್ನ ಹಚ್ಚಾಂಗಿಲ್ಲ" ಎಂದ.

ಸತ್ತವನ ಅಕ್ಕ ಮುದಕವ್ವ ಅಳು ನಿಲ್ಲಿಸಿದಳು. "ಯಾರೋ ಕುಡದವರು? ನಮ್ಮ ತಮ್ಮನೇನೋ? ನಿನ್ನ ಬಾಯಾಗ ಮಣ್ಣ ಹಾಕ."

ಸಿದ್ರಾಯ ಕಂಡದ್ದನ್ನಷ್ಟೇ ಹೇಳಿದ. ಹಿಂದಿನ ಚಳಿಗಾಲ ಗೋಕಾಕದಲ್ಲಿ, ಹೊಸ ಲಾಡ್ಜಿನ ಮೇಲಿನ ಬಾರಿನಿಂದ ಬೀರಸಿದ್ದಪ್ಪ ಮಗಳ ಹೆಗಲು ಹಿಡಿದು ತಡವರಿಸುತ್ತ ಇಳಿದಿದ್ದ. ಕಣ್ಣು ಕೆಂಪಗಿದ್ದವು.

"ಕಾಲಾಗ ಚಪ್ಪಲಿ ಸೈತ ಇರಲಿಲ್ಲ. ಅಷ್ಟ ಏರಿತ್ತು. ಸತ್ತವನ ಮ್ಯಾಲ ಸುಳ್ಳ ಹೇಳಿ ನನಗೇನ ಬರಬೇಕಾಗೈತಿ?"

ನೆರೆದವರೆಲ್ಲ ಮಗಳು ಕಸ್ತೂರಿಯತ್ತ ತಿರುಗಿದರು. ಬಾಯಿ ಬಿಟ್ಟರೆ ಅಪ್ಪ ಊರಿಗೆಲ್ಲ ನಗೆಪಾಟಲು. ಬಿಡದಿದ್ದರೆ ಬೋಳು ಹಣೆಯಲ್ಲೇ ಮಣ್ಣು ಸೇರುತ್ತಾನೆ.

*

ಅಂದು ಕಣ್ಣಿನ ದವಾಖಾನೆಯಲ್ಲಿ ಅಪ್ಪನಿಗೆ ಪಾಪೆ ಹಿಗ್ಗಿಸುವ ಹನಿ ಹಾಕಿ ಕಳಿಸಿದ್ದರು. ಇಳಿಬಿಸಿಲೂ ಅವನ ಕಣ್ಣಿಗೆ ಸೂಜಿಯಂತೆ ಚುಚ್ಚುತ್ತಿತ್ತು. ಬಸ್ಸಿಗೆ ಇನ್ನೂ ಹೊತ್ತಿತ್ತು. ಕತ್ತಲಿರುವ ಜಾಗ ಬೇಕಾಗಿತ್ತು. ಹುಕ್ಕೇರಿಯಲ್ಲಿ ಕಸ್ತೂರಿಯ ಜೊತೆಗೆ ಕಲಿತ ಮೇಘಾ ಆ ಲಾಡ್ಜಿನ ಕಾಕ್‌ಟೇಲ್ ಲಾಂಜಿನಲ್ಲಿ ಪಾನೀಯ ಬೆರೆಸುವ ಕೆಲಸಕ್ಕಿದ್ದಳು. ಆ ಹೊತ್ತಿಗೆ ಅಲ್ಲಿ ಗಿರಾಕಿಗಳಿರುವುದಿಲ್ಲ.

ಒಳಗೆ ಮಂದ ಬೆಳಕು. ಹಿಗ್ಗಿದ ಅವನ ಕಣ್ಣಿಗೆ ಒಂದೊಂದು ದೀಪವೂ ನೀರಿನಲ್ಲಿ ಬಿದ್ದ ಚಂದ್ರನಂತೆ ಅಲುಗಿತು. ಸಾಲುಸಾಲು ಶೀಸೆಗಳು ಕೆಳಗಿನ ಬೆಳಕಿಗೆ ಮೈತುಂಬ ಹೊಳೆಯುತ್ತಿದ್ದವು. ಅವನು ಸೋಫಾ ಮುಟ್ಟಲಿಲ್ಲ. ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕುಳಿತು, ಶೀಸೆಗಳ ಕಡೆಗೆ ಕೈಮುಗಿದ.

ಕಸ್ತೂರಿ ಮೊದಲೇ ಹೇಳಿದ್ದಳು, ದಾರೂ ಹನಿಯೂ ಬೀಳಬಾರದೆಂದು. ಮೇಘಾ ಕೋಕಂ ರಸಕ್ಕೆ ಮಜ್ಜಿಗೆಹುಲ್ಲು ಜಜ್ಜಿ ಹಾಕಿದಳು. ಲೋಟದ ಮೇಲೆ ಗಾಜಿನ ಗುಮ್ಮಟ ಬೋರಲು ಹಾಕಿ, ಅದರೊಳಗೆ ಹೊಗೆ ತುಂಬಿ ತಂದಳು. ಗುಮ್ಮಟ ಎತ್ತಿದರೆ ಹೊಗೆ ಲೋಬಾನದಂತೆ ಹರಡಿತು. ಮುದುಕ ಲೋಟ ಹಿಡಿಯಲಿಲ್ಲ. ಬಲಗೈ ಕುಳಿ ಮಾಡಿ ಒಡ್ಡಿದ. ಮೇಘಾ ಕಸ್ತೂರಿಯ ಮುಖ ನೋಡಿ, ಒಂದು ಗುಟುಕು ಸುರುವಿದಳು. ಕುಡಿದು, ಒದ್ದೆ ಅಂಗೈ ತಲೆಗೆ ಒರೆಸಿಕೊಂಡ.

"ಯಾ ದೇವರವ್ವ ಇದು? ಇಷ್ಟ ಕತ್ತಲ್ಯಾಗ ಕುಂತೈತಿ."

ಮೇಘಾ ನಗಲಿಲ್ಲ. "ಬೆಳಕಿಗಿ ಅಂಜೂ ದೇವರ್ರಿ, ಕಾಕಾ."

"ಹೌದೇನು? ನನ್ನಂಗ ಐತಿ ಹಂಗಾರ."

ಆಮೇಲೆ ಕಣ್ಣು ಮುಚ್ಚಿ, ಮಗಳಿಗೂ ಕೇಳಿಸದ ಹಾಗೆ, ಏನೇನೋ ಬೇಡಿಕೊಂಡ. ಹೊಗೆ ಅವನ ರುಮಾಲು ಸುತ್ತಿಕೊಂಡು ಮೆಲ್ಲಗೆ ಮೇಲೇರಿತು. ಅಂಥ ಸಮಾಧಾನದ ಮುಖವನ್ನು ಕಸ್ತೂರಿ ಯಾವ ಗುಡಿಯಲ್ಲೂ ಕಂಡಿರಲಿಲ್ಲ.

ಹೊರಬಂದರೆ ಬಾಗಿಲಲ್ಲಿ ಬಿಟ್ಟ ಚಪ್ಪಲಿಗಳಿಲ್ಲ. ಹಳೆಯವೆಂದು ಕಸ ಗುಡಿಸುವವರು ಒಯ್ದಿರಬೇಕು.

"ಹೋಗ್ಲಿ ಬಿಡವ್ವ. ಗುಡಿ ಬಾಗಲಾಗ ಹೋದುವು. ನನ್ನ ಪೀಡಾನೂ ಹೋತು."

*

ಕಸ್ತೂರಿ ಒಂದನ್ನೂ ಬಿಡದೆ ಹೇಳಿದಳು. ಮೊದಲು ನಕ್ಕವಳು ಮುದಕವ್ವ. ತಮ್ಮನ ತಣ್ಣನೆಯ ಗಲ್ಲ ಹಿಡಿದು, "ಹುಚ್ಚಪ್ಪಾ, ದಾರೂ ಅಂಗಡಿಗಿ ಕೈಮುಗದ ಬಂದ್ಯೇನೋ" ಅಂದವಳು ಮತ್ತೆ ಅಳತೊಡಗಿದಳು. ಗಂಡಸರೂ ಹೆಗಲ ಮೇಲಿನ ಟವೆಲ್ಲು ಬಾಯಿಗೊತ್ತಿಕೊಂಡು ನಕ್ಕರು. ಕಸ್ತೂರಿ ಅಂಜಿದ್ದು ಇದಕ್ಕೇ.

ಸಿದ್ರಾಯ ಮಾತ್ರ ನಗಲಿಲ್ಲ. "ಚಪ್ಪಲಿ ಅವನಾಗೇ ಬಿಟ್ಟಿದ್ನೇನ?"

"ಅವನಾಗೇ ಬಿಟ್ಟ, ಕಾಕಾ. ನಾ ಬ್ಯಾಡ ಅನ್ನೂದರಾಗ ಬಿಟ್ಟ ಒಳಗ ಹೋಗಿದ್ದ."

ಸಿದ್ರಾಯ ತನ್ನ ಚಪ್ಪಲಿ ಬಿಚ್ಚಿ ಕಟ್ಟೆ ಹತ್ತಿದ. ಚೀಲ ಬಿಚ್ಚಿ, ಒಮ್ಮೆ ಬಳಿದದ್ದು ಸಾಲದೆಂಬಂತೆ ಸತ್ತವನ ಹಣೆ ತುಂಬ ಭಂಡಾರ ಮತ್ತೆ ಮತ್ತೆ ಬಳಿದ.

ಹೊಲದಲ್ಲಿ ಮಣ್ಣು ಮಾಡಿದ ಕುಣಿಯ ಮೇಲೆ ಅವನು ತೂರಿದ ಭಂಡಾರವನ್ನು ಗಾಳಿ ಎತ್ತಿಕೊಂಡು ಹೋಯಿತು. ಬದುವಿನಾಚೆ ಮೇಯುತ್ತಿದ್ದ ಕುರಿಗಳ ಬೆನ್ನು ಹಳದಿಯಾದವು. ಅವು ತಲೆ ಎತ್ತದೆ ಮೇಯುತ್ತ, ಸಂಜೆಯ ಮಬ್ಬಿನೊಳಗೆ ಹೊಳೆಯುತ್ತ ದೂರ ಸರಿದವು.